ಇಲಿಯ ಕಾಟವೂ ಯಂತ್ರದ ಮಾಟವೂ

ಧಾರವಾಡ ಸೀಮೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಹುಟ್ಟಿ ಬೆಳೆದವರಿಗೆ ಇಲಿಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದ ಅಗತ್ಯವಿಲ್ಲ. ನಮ್ಮ ಅಜ್ಜನವರು ಕಟ್ಟಿಸಿದ ಮನೆ ಇಂದಿಗೂ ನಿಂತಿದೆ. ಎರಡು ಅಡಿ ದಪ್ಪದ ಗೋಡೆ, ತೇಗದ ಜಂತೆ, ಗೋಡೆಯ ಉದ್ದಕ್ಕೂ ನಾಗೊಂದಿಗೆ, ನಡುಮನೆಯ ಒಂದು ಮಗ್ಗುಲಿಗೆ ಜೋಳದ ಚೀಲಗಳು. ಬೇಸಿಗೆಯಲ್ಲಿ ತಂಪಾಗಿಯೂ ಚಳಿಗಾಲದಲ್ಲಿ ಬೆಚ್ಚಗೂ ಇರುವ ಇಂತಹ ಮನೆ ಮನುಷ್ಯರಿಗೆ ಎಷ್ಟು ಹಿತವೋ ಇಲಿಗಳಿಗೂ ಅಷ್ಟೇ ಹಿತ ಎಂಬುದನ್ನು ನಾವು ಬಾಲ್ಯದಿಂದಲೂ ಬಲ್ಲೆವು. ರಾತ್ರಿ ದೀಪ ಆರಿಸಿದ ಮೇಲೆ ಜಂತೆಯ ಮೇಲೆ ಅವುಗಳ ಓಡಾಟ ಆರಂಭವಾಗುತ್ತಿತ್ತು. ಆ ಸಪ್ಪಳದಲ್ಲಿಯೇ ನಾವು ನಿದ್ದೆ ಹೋಗುತ್ತಿದ್ದೆವು.

ಶಿಕ್ಷಕ ವೃತ್ತಿಯಿಂದ ನಿವೃತ್ತರಾಗಿ ಊರಿಗೆ ಮರಳಿದ ಮೇಲೆ ಈ ಸಪ್ಪಳ ಬಾಲ್ಯದ ನೆನಪಾಗಿ ಉಳಿಯಲಿಲ್ಲ. ಅದಕ್ಕೊಂದು ಕಾರಣವುಂಟು. ಪ್ರತಿ ವರ್ಷ ಸುಗ್ಗಿಯಲ್ಲಿ ನಮ್ಮ ಹೊಲದ ಬಿಳಿಜೋಳ ಮನೆಗೆ ಬಂದೊಡನೆ ಎರಡು ಚೀಲಗಳನ್ನು ತೆಗೆದಿಟ್ಟು, ಶ್ರಾವಣ ಮಾಸದ ಪುರಾಣದ ಕಾಲಕ್ಕೆ ಊರ ಮಠದ ದಾಸೋಹಕ್ಕೆ ಸಲ್ಲಿಸುವುದು ಅಜ್ಜನವರ ಕಾಲದಿಂದ ನಡೆದುಬಂದ ಪದ್ಧತಿ. ಮಾರ್ಚಿನಿಂದ ಆಗಸ್ಟಿನವರೆಗೆ ಐದು ತಿಂಗಳು ಆ ಚೀಲಗಳು ನಮ್ಮ ನಡುಮನೆಯಲ್ಲಿರಬೇಕು. 2018ರ ಶ್ರಾವಣದಲ್ಲಿ ಚೀಲವನ್ನು ಎತ್ತಿದಾಗ ಅಡಿಯಲ್ಲಿ ಅಂಗೈ ಅಗಲದ ತೂತು ಬಿದ್ದಿತ್ತು. ಕಾಳಿನ ತುಂಬ ಹಿಕ್ಕೆ ಬೆರೆತಿತ್ತು. ದಾಸೋಹಕ್ಕೆ ಸಲ್ಲಬೇಕಾದ ಕಾಳನ್ನು ತೊಳೆದು ಒಣಗಿಸಿ ಕೊಟ್ಟರಾಯಿತೆಂದು ಹೇಳಿದವರೂ ಇದ್ದರು. ನಮ್ಮ ಅವ್ವನವರು ಒಪ್ಪಲಿಲ್ಲ. ಆ ವರ್ಷ ಪೇಟೆಯಿಂದ ಜೋಳ ಕೊಂಡು ಕೊಟ್ಟೆವು. ಅವ್ವನವರಿಗೆ ಅದು ಬಹಳ ದಿನ ಮನಸ್ಸಿನಲ್ಲಿಯೇ ಉಳಿಯಿತು.

ಮರುವರ್ಷ ನಾವು ಮಾಡಿದ ಕೆಲಸವನ್ನು ಹೇಳಿಕೊಳ್ಳಲು ಇಂದಿಗೂ ಸಂಕೋಚವಾಗುತ್ತದೆ. ಆದರೂ ಹೇಳದೆ ಮುಂದುವರಿದರೆ ಈ ಬರಹಕ್ಕೆ ಅರ್ಥವಿರದು. 2019ರ ಏಪ್ರಿಲಿನಲ್ಲಿ ಅಂಗಡಿಯಿಂದ ಇಲಿಪಾಷಾಣದ ಪೊಟ್ಟಣ ತಂದು, ಜೋಳದ ಹಿಟ್ಟಿಗೆ ಬೆಲ್ಲ ಬೆರೆಸಿ, ಉಂಡೆ ಕಟ್ಟಿ ಚೀಲಗಳ ಹಿಂದೆ ಇರಿಸಿದೆವು. ಬೂದು ಬಣ್ಣದ, ಬೆಳ್ಳುಳ್ಳಿಯಂತೆ ನಾರುವ ಆ ಪುಡಿ ಜಿಂಕ್ ಫಾಸ್ಫೈಡ್ ಎಂಬ ರಾಸಾಯನಿಕ. ಹೊಟ್ಟೆಯ ಆಮ್ಲಕ್ಕೆ ತಾಗಿದಾಗ ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆಂದೂ, ಅದಕ್ಕೆ ಪ್ರತಿಯಾಗಿ ಕೊಡಬಹುದಾದ ನಿರ್ದಿಷ್ಟ ಔಷಧವೇ ಇಲ್ಲವೆಂದೂ ನಮಗೆ ಆಗ ತಿಳಿದಿರಲಿಲ್ಲ. ಬೆಂಗಳೂರಿನಿಂದ ಮಗ, ಸೊಸೆ ರಜೆಗೆ ಬಂದಿದ್ದರು. ಮೊಮ್ಮಗಳಿಗೆ ಆಗ ಮೂರು ವರ್ಷ. ಮಧ್ಯಾಹ್ನ ಎಲ್ಲರೂ ಊಟ ಮುಗಿಸಿ ಅಡ್ಡಾಗಿದ್ದಾಗ ಅವ್ವನವರು ಕೂಗಿದ ಕೂಗು ಇಂದಿಗೂ ನಮ್ಮ ಕಿವಿಯಲ್ಲಿದೆ. ಮಗುವಿನ ಕೈಯಲ್ಲಿ ಉಂಡೆ, ತುಟಿಯ ಮೇಲೆ ಹಿಟ್ಟು. ಬಾಯಿಗೆ ಹೋಗಿತ್ತೋ ಇಲ್ಲವೋ ಹೇಳುವವರಿಲ್ಲ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಎರಡು ರಾತ್ರಿ ಕಳೆದೆವು. ಆ ಎರಡು ರಾತ್ರಿಗಳನ್ನು ವಿವರಿಸಲಾರೆವು. ಶಿವನ ಕೃಪೆಯಿಂದ ಮಗುವಿಗೆ ಏನೂ ಆಗಲಿಲ್ಲ. ಮನೆಗೆ ಬಂದ ದಿನ ಸೊಸೆ ಒಂದು ಮಾತನ್ನೂ ಆಡಲಿಲ್ಲ. ಆ ಮೌನವೇ ನಮಗೆ ಸಾಕಾಗಿತ್ತು. ಅವ್ವನವರು ಮಾತ್ರ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತು, "ಇಲಿ ಕೊಲ್ಲಾಕ ಹೋಗಿ ಕೂಸಿನ ಜೀವಕ್ಕ ಎರವಾಗತಿದ್ದೆಲ್ಲೋ. ಇನ್ನ ಮ್ಯಾಲೆ ಈ ಮನ್ಯಾಗ ವಿಷ ಬರಬಾರದು" ಎಂದರು. ಅರವತ್ತು ದಾಟಿದ ನಾವು ಶಾಲೆಯ ಹುಡುಗನಂತೆ ತಲೆ ತಗ್ಗಿಸಿ ನಿಂತಿದ್ದೆವು. ವಿಷ ಅಂದಿಗೆ ಮನೆಯಿಂದ ಹೊರಗಾಯಿತು. ಇಲಿ ಒಳಗೇ ಉಳಿಯಿತು.

2022ರ ಮೇ ತಿಂಗಳ ರಜೆಗೆ ಬಂದಾಗ ಮಗನು ಒಂದು ಪೊಟ್ಟಣ ತಂದನು. ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರದ ಎರಡು ಬಿಳಿಯ ಪ್ಲಾಸ್ಟಿಕ್ ಡಬ್ಬಿಗಳು, ಹಿಂಬದಿಯಲ್ಲಿ ಪ್ಲಗ್ಗಿನ ಕಡ್ಡಿಗಳು, ಮುಂದೆ ಚಿಕ್ಕದೊಂದು ನೀಲಿ ದೀಪ. ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದರೆ ಮನುಷ್ಯನ ಕಿವಿಗೆ ಕೇಳದ ಸದ್ದನ್ನು ಹೊರಡಿಸಿ ಇಲಿ, ಜಿರಳೆ, ಹಲ್ಲಿ, ಸೊಳ್ಳೆ, ಇರುವೆ ಎಲ್ಲವನ್ನೂ ಓಡಿಸುತ್ತದೆಂದು ಪೆಟ್ಟಿಗೆಯ ಮೇಲೆ ಚಿತ್ರಸಹಿತ ಮುದ್ರಿಸಿದ್ದರು. ಕೊಲ್ಲುವ ಗೊಡವೆಯಿಲ್ಲ, ವಿಷದ ಭಯವಿಲ್ಲ, ಸತ್ತ ಇಲಿಯ ದುರ್ನಾತವಿಲ್ಲ. ಅವ್ವನವರಿಗೆ ಇದು ಬಹಳ ಹಿಡಿಸಿತು. "ಹೋಗ್ರಪಾ ಅಂತ ಹೇಳೂದು ಅಷ್ಟ, ಹೌದಲ್ಲೋ?" ಎಂದು ಮೊಮ್ಮಗನನ್ನು ಕೇಳಿದರು. ಹೌದೆಂದು ಅವನು ನಕ್ಕನು. ಒಂದನ್ನು ನಡುಮನೆಯಲ್ಲಿ, ಇನ್ನೊಂದನ್ನು ಅಡುಗೆಮನೆಯಲ್ಲಿ ಸಿಕ್ಕಿಸಿದೆವು.

ಓದುಗರು ನಂಬಬೇಕು, ಮೊದಲ ಐದಾರು ರಾತ್ರಿ ಮನೆ ನಿಶ್ಶಬ್ದವಾಗಿತ್ತು. ಓಣಿಯ ನಾಲ್ಕು ಮನೆಗಳವರಿಗೆ ನಾವೇ ಕರೆದು ತೋರಿಸಿದೆವು. ಇಬ್ಬರು ಡಬ್ಬಿ ತರಿಸಿಯೂ ಕೊಂಡರು. ಆ ಇಬ್ಬರ ಎದುರಿಗೆ ಇಂದಿಗೂ ನಮಗೆ ಸ್ವಲ್ಪ ಮುಜುಗರವೇ.

ಯಂತ್ರದಿಂದ ನಿಜವಾಗಿ ತೊಂದರೆಗೊಳಗಾದದ್ದು ಮೊಮ್ಮಗಳು. ಆರು ವರ್ಷದ ಆ ಹುಡುಗಿ ಎರಡನೆಯ ರಾತ್ರಿಯೇ "ಅಜ್ಜಾ, ಗೋಡೆ ಕೀಂ ಅಂತ ಅಳ್ತದ" ಎಂದು ಎದ್ದು ಕುಳಿತಳು. ನಾವಾರಿಗೂ ಏನೂ ಕೇಳಿಸದು. ಕನಸು ಕಂಡಿರಬೇಕೆಂದು ಸಮಾಧಾನ ಮಾಡಿ ಮಲಗಿಸಿದೆವು. ಮೂರನೆಯ ರಾತ್ರಿಯೂ ಅದೇ ಮಾತು. ಪರೀಕ್ಷಿಸುವುದಕ್ಕಾಗಿ ಅವಳನ್ನು ಗೋಡೆಯ ಕಡೆ ಬೆನ್ನು ಮಾಡಿ ನಿಲ್ಲಿಸಿ ಗುಂಡಿಯನ್ನು ಹಾಕಿ ತೆಗೆದು ಮಾಡಿದರೆ, ಹಾಕಿದಾಗಲೆಲ್ಲ "ಈಗ ಅಳ್ತು, ಈಗ ಸುಮ್ಮನಾತು" ಎಂದು ತಪ್ಪದೆ ಹೇಳಿದಳು. ಮಕ್ಕಳ ಮಾತನ್ನು ಕೇಳಿಸಿಕೊಳ್ಳದೆ ಒಮ್ಮೆ ಎಡವಿದ್ದ ನಮಗೆ ಇದೊಂದು ಪೆಟ್ಟೇ ಸರಿ. ಅವಳು ಮಲಗುವ ಹೊತ್ತಿಗೆ ನಡುಮನೆಯ ಡಬ್ಬಿಯನ್ನು ತೆಗೆದು ಬೆಳಗಿನವರೆಗೆ ಅಡುಗೆಮನೆಯೊಂದರಲ್ಲಿಯೇ ಇರಿಸತೊಡಗಿದೆವು. ಪಕ್ಕದ ಮನೆಯ ಬೆಕ್ಕು ನಮ್ಮ ಪಡಸಾಲೆಯಲ್ಲಿ ಮಲಗುವುದನ್ನು ಬಿಟ್ಟದ್ದೂ ಅದೇ ದಿನಗಳಲ್ಲಿ. ಕಾರಣ ಡಬ್ಬಿಯೇ ಎಂದು ಆಣೆಯಿಟ್ಟು ಹೇಳಲಾರೆವು, ಬೆಕ್ಕುಗಳ ಮನಸ್ಸನ್ನು ಬಲ್ಲವರಾರು?

ಮಗ, ಸೊಸೆ, ಮೊಮ್ಮಗಳು ಬೆಂಗಳೂರಿಗೆ ಹೊರಟುಹೋದ ಮೇಲೆ ಎರಡೂ ಡಬ್ಬಿಗಳನ್ನು ಹಗಲಿರುಳು ಹಚ್ಚಿಯೇ ಇಟ್ಟೆವು. ಮೃಗಶಿರ ಮಳೆ ಹಿಡಿಯುತ್ತಲೂ ಜಂತೆಯ ಮೇಲೆ ಹಳೆಯ ಸಪ್ಪಳ ಮರುಕಳಿಸಿತು. ಒಂದು ಬೆಳಿಗ್ಗೆ ನಮ್ಮ ಮನೆಯವರು ಕರೆದು ತೋರಿಸಿದ ದೃಶ್ಯ ನೋಡಿ ನಗಬೇಕೋ ಅಳಬೇಕೋ ತಿಳಿಯದಾಯಿತು. ಅಡುಗೆಮನೆಯ ಡಬ್ಬಿಯ ನೇರ ಕೆಳಗೆ, ಒಂದು ಗೇಣಿನ ಅಂತರದಲ್ಲಿ, ಇಲಿಯೊಂದು ಶೇಂಗಾದ ಸಿಪ್ಪೆ ಸುಲಿದು ರಾಶಿ ಹಾಕಿ ಹೋಗಿತ್ತು. ನೀಲಿ ದೀಪ ಅದರ ಊಟಕ್ಕೆ ಬೆಳಕು ಹಿಡಿದಿರಬೇಕು.

ಹಾಗೆಂದು ಒಂದೇ ಘಟನೆಯಿಂದ ತೀರ್ಮಾನಕ್ಕೆ ಬರುವುದು ಶಿಕ್ಷಕನಾದವನಿಗೆ ಒಪ್ಪತಕ್ಕದ್ದಲ್ಲ. ಒಲೆಯ ಬೂದಿಯನ್ನು ವಸ್ತ್ರಗಾಳಿತ ಮಾಡಿ ಪ್ರತಿ ರಾತ್ರಿ ಗೋಡೆಯ ಬುಡದಲ್ಲಿ ಒಂದು ಗೇಣು ಅಗಲ ಹರವಿದೆವು. ಒಂದು ವಾರ ಯಂತ್ರ ಹಚ್ಚಿ, ಮುಂದಿನ ವಾರ ಆರಿಸಿ, ಬೆಳಿಗ್ಗೆ ಎದ್ದು ಹೆಜ್ಜೆಯ ಗುರುತುಗಳನ್ನು ನೋಡಿದೆವು. ನಾಲ್ಕು ವಾರಗಳ ಲೆಕ್ಕದಲ್ಲಿ ಹಚ್ಚಿದ ರಾತ್ರಿಗೂ ಆರಿಸಿದ ರಾತ್ರಿಗೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಬೂದಿಯಿಂದ ತಿಳಿದುಬಂದ ಇನ್ನೊಂದು ಸಂಗತಿಗೆ ಆ ಹೊತ್ತಿನಲ್ಲಿ ನಾವು ಬೆಲೆ ಕೊಡಲಿಲ್ಲ. ಹೆಜ್ಜೆಗಳೆಲ್ಲ ಬಚ್ಚಲಮನೆಯ ಮೂಲೆಯಿಂದ ಮತ್ತು ಹಿತ್ತಲ ಬಾಗಿಲಿನ ಕೆಳಗಿನಿಂದಲೇ ಹೊರಟಿದ್ದವು.

ಜೂನ್ ಕೊನೆಗೆ ನಮ್ಮ ಹಳೆಯ ಸಹೋದ್ಯೋಗಿಗಳೊಬ್ಬರು ಮನೆಗೆ ಬಂದರು. ಮೂವತ್ತು ವರ್ಷ ವಿಜ್ಞಾನ ಬೋಧಿಸಿದವರು. ಡಬ್ಬಿಯನ್ನು ಕೈಯಲ್ಲಿ ಹಿಡಿದು ತಿರುವಿ ನೋಡಿ, ಚಹ ಆರಿಹೋಗುವವರೆಗೆ ವಿವರಿಸಿದರು. ಅವರ ಮಾತಿನ ಸಾರವನ್ನು ನಮಗೆ ತಿಳಿದಷ್ಟು ಇಲ್ಲಿ ಒಪ್ಪಿಸುತ್ತೇವೆ.

ಸದ್ದೆಂದರೆ ಗಾಳಿಯ ಕಂಪನ. ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗಿನ ಸದ್ದು ಮನುಷ್ಯನ ಕಿವಿಗೆ ನಿಲುಕುತ್ತದೆ. ಅದಕ್ಕೂ ಮೇಲಿನದನ್ನು ಶ್ರವಣಾತೀತ ಧ್ವನಿ ಎನ್ನುತ್ತಾರೆ. ವಯಸ್ಸಾದಂತೆ ಮೇಲಿನ ಮಿತಿ ಕುಸಿಯುತ್ತ ಬಂದು, ಅರವತ್ತರ ಆಚೆಗೆ ಹತ್ತು ಹನ್ನೆರಡು ಸಾವಿರಕ್ಕೆ ಇಳಿದಿರುವುದು ಸಾಮಾನ್ಯ. ಅಗ್ಗದ ಯಂತ್ರಗಳಲ್ಲಿ ಕೆಲವು ಇಪ್ಪತ್ತು ಸಾವಿರದ ಕೆಳಗಿನ ಸದ್ದನ್ನೂ ಹೊರಡಿಸುವುದರಿಂದ ಮಕ್ಕಳಿಗೆ ಅದು ಕೇಳಿಸುವುದರಲ್ಲಿ ಆಶ್ಚರ್ಯವಿಲ್ಲ. ನಾಯಿಗೆ ಸುಮಾರು 45,000 ಕಂಪನಗಳವರೆಗೆ, ಬೆಕ್ಕಿಗೆ 60,000ಕ್ಕೂ ಮೇಲೆ, ಇಲಿಗೆ ಸುಮಾರು 80,000ದವರೆಗೆ ಕೇಳುತ್ತದೆ. ಆದ್ದರಿಂದ ಡಬ್ಬಿಯ ಸದ್ದು ಇಲಿಗೆ ಕೇಳುವುದೇನೋ ನಿಜ. ಕೇಳಿದ ಮಾತ್ರಕ್ಕೆ ಅದು ಮನೆ ಬಿಡಬೇಕೆಂಬ ನಿಯಮ ಎಲ್ಲಿದೆ ಎಂದು ಅವರು ಕೇಳಿದರು.

ಇಂತಹ ಸದ್ದಿನ ಅಲೆ ಬಹಳ ಗಿಡ್ಡ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರು. 40,000 ಕಂಪನಗಳ ಸದ್ದಾದರೆ ಒಂದು ಅಲೆಯ ಉದ್ದ ಎಂಟೂವರೆ ಮಿಲಿಮೀಟರು ಮಾತ್ರ, ಒಂದು ಕಡಲೆಕಾಳಿನಷ್ಟು. ಗುಡಿಯ ಗಂಟೆಯ ನಾದ ಗೋಡೆ ಬಳಸಿ ಮೂಲೆ ಸುತ್ತಿ ಓಣಿಯೆಲ್ಲ ಹರಡುವಂತೆ ಇದು ಹರಡಲಾರದು. ಗೋಡೆ ಇರಲಿ, ಅಡ್ಡವಾಗಿ ಒಂದು ಜೋಳದ ಚೀಲವಿದ್ದರೂ ಅದರ ಹಿಂದೆ ಬಿಸಿಲಿನಲ್ಲಿ ನೆರಳು ಬಿದ್ದಂತೆ ಸದ್ದಿಲ್ಲದ ಜಾಗ ಉಳಿಯುತ್ತದೆ. ದೂರ ಹೋದಂತೆ ಗಾಳಿಯೇ ಅದನ್ನು ಹೀರಿಕೊಳ್ಳುತ್ತದೆ. ಇಲಿಯ ವಾಸವೋ ಚೀಲದ ಹಿಂದೆ, ಜಂತೆಯ ಸಂದಿನಲ್ಲಿ, ಗೋಡೆಯ ಒಳಗೆ. ಯಂತ್ರದ ಕೂಗು ತಲುಪದ ತಾವುಗಳೇ ಅದರ ಮನೆ.

ಹಾಗಾದರೆ ಮೊದಲ ಐದಾರು ರಾತ್ರಿ ಏಕೆ ಸುಮ್ಮನಿದ್ದವು ಎಂದು ಕೇಳಿದೆವು. ಇಲಿಯು ಸ್ವಭಾವತಃ ಹೊಸದಕ್ಕೆ ಅಂಜುವ ಪ್ರಾಣಿ. ದಿನವೂ ಓಡಾಡುವ ದಾರಿಯಲ್ಲಿ ಒಂದು ಹೊಸ ಇಟ್ಟಿಗೆ ಇಟ್ಟರೂ ಕೆಲವು ದಿನ ಆ ಕಡೆ ಸುಳಿಯದು. ಅಪಾಯವಿಲ್ಲವೆಂದು ಮನವರಿಕೆಯಾದರೆ ಅದೇ ಇಟ್ಟಿಗೆಯ ಮೇಲೆ ಕುಳಿತು ಮೀಸೆ ತೀಡುತ್ತದೆ. ಸದ್ದಿಗೂ ಇದೇ ನ್ಯಾಯ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಎಂಬ ಸರಕಾರಿ ಸಂಸ್ಥೆಯು 2001ರಲ್ಲಿ ಇಂತಹ ಯಂತ್ರಗಳನ್ನು ತಯಾರಿಸುವ ಹಾಗೂ ಮಾರುವ 60ಕ್ಕೂ ಹೆಚ್ಚು ಕಂಪನಿಗಳಿಗೆ ಪತ್ರ ಬರೆದು, ವೈಜ್ಞಾನಿಕ ಆಧಾರವಿಲ್ಲದೆ ಇಲಿ ಓಡಿಸುತ್ತೇವೆಂದು ಜಾಹೀರಾತು ಮಾಡಕೂಡದೆಂದು ಎಚ್ಚರಿಸಿತ್ತಂತೆ. ಅದಾಗಿ ಇಪ್ಪತ್ತು ವರ್ಷ ಕಳೆದ ಮೇಲೆ ಆ ಡಬ್ಬಿ ನಮ್ಮ ಗೋಡೆಗೆ ಬಂದು ಕುಳಿತಿತ್ತು.

ಅವರು ಹೇಳಿದ ಇನ್ನೊಂದು ಸಂಗತಿ ನಮ್ಮ ಅವ್ವನವರ ಮನಸ್ಸಿಗೆ ನಾಟಿತು. ಇಲಿಗಳು ಈ ಕೇಳದ ಸದ್ದಿನಲ್ಲಿಯೇ ತಮ್ಮ ತಮ್ಮೊಳಗೆ ಮಾತನಾಡಿಕೊಳ್ಳುತ್ತವೆ. ಅಪಾಯ ಕಂಡ ಇಲಿ 22,000 ಕಂಪನಗಳ ಆಸುಪಾಸಿನಲ್ಲಿ ಕೂಗುತ್ತದೆ. ಒಟ್ಟಾಗಿ ಆಡುವಾಗ ಹೊರಡುವ ಸದ್ದು 50,000ದ ಸುಮಾರಿನದು. ಕಣ್ಣು ತೆರೆಯದ ಮರಿ ಗೂಡಿನಿಂದ ಹೊರಗೆ ಉರುಳಿ ಚಳಿಯಾದಾಗ ಇಂತಹ ಧ್ವನಿಯಲ್ಲಿಯೇ ಅಳುತ್ತದೆ. ತಾಯಿ ಅದನ್ನು ಕೇಳಿ ಹುಡುಕಿಕೊಂಡು ಬಂದು ಬಾಯಲ್ಲಿ ಕಚ್ಚಿ ಗೂಡಿಗೆ ಒಯ್ಯುತ್ತದೆ. ಸುಂಡಿಲಿಯ ಮರಿಗಳ ಈ ಅಳುವನ್ನು 1956ರಲ್ಲಿಯೇ ಇಬ್ಬರು ವಿಜ್ಞಾನಿಗಳು ಯಂತ್ರದ ಸಹಾಯದಿಂದ ಕೇಳಿ ದಾಖಲಿಸಿದ್ದಾರೆ. ಬಾಗಿಲಲ್ಲಿ ಕುಳಿತು ಎಲ್ಲವನ್ನೂ ಕೇಳುತ್ತಿದ್ದ ಅವ್ವನವರು, "ಹಂಗಾದ್ರ ಮಾಸ್ತರ, ಈ ಡಬ್ಬಿ ಅವರ ಕೂಸಿನ ಧ್ವನಿಯೊಳಗ ಅಳತೈತೇನ್ರಿ?" ಎಂದು ಕೇಳಿದರು. ಹಾಗಲ್ಲ ತಾಯಿ, ಸದ್ದಿನ ಮಟ್ಟ ಒಂದೇ ಆದರೂ ಅಳುವಿನ ರೀತಿ ಬೇರೆ ಎಂದು ಅವರು ತಿಳಿಯಹೇಳಿದರು. ಅವ್ವನವರು ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ಮೊಮ್ಮಗಳು ಗೋಡೆ ಅಳುತ್ತದೆ ಎಂದದ್ದು ನಮಗೂ ನೆನಪಾಯಿತು.

ಹೊರಡುವಾಗ ಸಹೋದ್ಯೋಗಿಗಳು ಜೇಬಿನಿಂದ ಪೆನ್ಸಿಲ್ ತೆಗೆದುಕೊಟ್ಟು, ಇದು ತೂರುವ ತೂತುಗಳನ್ನೆಲ್ಲ ಮುಚ್ಚಿಸಿರಿ ಎಂದರು. ಆರು ಮಿಲಿಮೀಟರಿನ ಸಂದಿಯಲ್ಲಿ ಸುಂಡಿಲಿ ನುಸುಳಬಲ್ಲುದು, ಅರ್ಧ ಇಂಚಿನ ಸಂದಿ ದೊಡ್ಡ ಇಲಿಗೂ ಸಾಕು. ಆ ಪೆನ್ಸಿಲ್ ಹಿಡಿದು ನಾವೂ ನಮ್ಮ ಮನೆಯವರೂ ಒಂದಿಡೀ ದಿನ ಮನೆ ಸುತ್ತಿದೆವು. ಎಪ್ಪತ್ತು ವರ್ಷ ಬದುಕಿದ ಮನೆಯನ್ನು ಅಷ್ಟು ಕೂಲಂಕಷವಾಗಿ ನೋಡಿದ್ದು ಅದೇ ಮೊದಲು. ಬಚ್ಚಲಿನ ಮೋರಿಗೆ ಜಾಳಿಗೆಯೇ ಇರಲಿಲ್ಲ. ಹಿತ್ತಲ ಬಾಗಿಲಿನ ಅಡಿಯ ಮೂಲೆ ಮಳೆಗೆ ಕೊಳೆತು ಎರಡು ಬೆರಳು ತೂರುವಂತಾಗಿತ್ತು. ವಿದ್ಯುತ್ ತಂತಿಗಾಗಿ ಕೊರೆದ ತೂತನ್ನು ಮುಚ್ಚದೆ ಬಿಟ್ಟಿದ್ದರು. ಬೂದಿಯ ಮೇಲಿನ ಹೆಜ್ಜೆಗಳು ತಿಂಗಳ ಹಿಂದೆಯೇ ಬೆರಳು ಮಾಡಿ ತೋರಿಸಿದ್ದವು, ನಾವು ಡಬ್ಬಿಯ ಲೆಕ್ಕದಲ್ಲಿ ಮುಳುಗಿದ್ದೆವು. ಗೋಡೆಗೆ ತಾಗಿ ಬೆಳೆದ ಮಲ್ಲಿಗೆ ಬಳ್ಳಿ ಮಾಳಿಗೆಯ ಬೆಳಕಿಂಡಿಯವರೆಗೆ ಏಣಿ ಇಟ್ಟಂತೆ ಹಬ್ಬಿತ್ತು. ಅದನ್ನು ಕತ್ತರಿಸಲು ನಮ್ಮ ಮನೆಯವರು ಎರಡು ದಿನ ಒಪ್ಪಲಿಲ್ಲ. ಕಡೆಗೆ ಗೋಡೆಯಿಂದ ಮೂರು ಅಡಿ ದೂರಕ್ಕೆ ಚಪ್ಪರ ಕಟ್ಟಿ ಅತ್ತ ಹಬ್ಬಿಸಿದೆವು.

ಮುಚ್ಚುವ ಮೊದಲು ಒಳಗಿದ್ದ ಇಲಿಗಳನ್ನು ಹೊರಹಾಕಬೇಕಲ್ಲವೆ? ಮರದ ಇಲಿಬೋನು ತಂದು ಶೇಂಗಾ, ಒಣಕೊಬ್ಬರಿ ಕಟ್ಟಿದೆವು. ಹದಿನೈದು ದಿನಗಳಲ್ಲಿ ಒಂಬತ್ತು ಬಿದ್ದವು. ಬೆಳಗಿನ ಜಾವ ಬೋನನ್ನು ಸೈಕಲ್ಲಿಗೆ ಕಟ್ಟಿಕೊಂಡು ಊರ ಹೊರಗೆ ಬಿಟ್ಟು ಬರುವುದು ನಮ್ಮ ಪಾಲಿನ ಕಾಯಕವಾಯಿತು. ಒಂದು ದಿನ ಹೊಲದ ದಾರಿಯಲ್ಲಿ ಎದುರಾದ ರೈತರೊಬ್ಬರು, "ಸರ, ನಿಮ್ಮ ಮನಿ ದಯಾ ನಮ್ಮ ಹೊಲಕ್ಕ ಬಂತಲ್ರಿ" ಎಂದು ನಗುತ್ತಲೇ ಹೇಳಿದರು. ನಕ್ಕರೂ ಮಾತು ಸುಳ್ಳಲ್ಲ. ಹೆಸರು, ಶೇಂಗಾ ಬಿತ್ತಿ ಮೊಳಕೆ ಕಾಯುತ್ತಿದ್ದವರ ಬದುವಿಗೆ ನಮ್ಮ ಪೀಡೆಯನ್ನು ದಾಟಿಸಿ ಬಂದರೆ ಅದನ್ನು ಯಾವ ಪುಣ್ಯವೆನ್ನಬೇಕು? ಅಂದಿನಿಂದ ಇನ್ನೂ ದೂರದ ಹಳ್ಳದ ಆಚೆ, ಜಾಲಿಯ ಕಂಟಿಗಳಲ್ಲಿ ಬಿಡತೊಡಗಿದೆವು. ಅಪರಿಚಿತ ಜಾಗದಲ್ಲಿ ಬಿಟ್ಟ ಇಲಿ ಗೂಬೆಗೋ ಹಾವಿಗೋ ಆಹಾರವಾಗುವುದೇ ಹೆಚ್ಚು. ಅವ್ವನವರಿಗೆ ಈ ಮಾತನ್ನು ಹೇಳಲಿಲ್ಲ. ಹೇಳಿದ್ದರೆ ಅವರು ಏನೆನ್ನುತ್ತಿದ್ದರೋ ಅರಿಯೆವು.

ಜುಲೈ ಎರಡನೆಯ ವಾರ ಗೌಂಡಿಯವರು ಬಂದರು. ಇಲಿಯ ಮುಂಬಲ್ಲುಗಳು ಜೀವವಿರುವವರೆಗೂ ಬೆಳೆಯುತ್ತಲೇ ಇರುತ್ತವೆ, ಆದ್ದರಿಂದ ಅದು ಏನನ್ನಾದರೂ ಕಡಿಯುತ್ತಲೇ ಇರುತ್ತದೆ. ಬರಿಯ ಮಣ್ಣು ಮೆತ್ತಿದರೆ ಎರಡು ರಾತ್ರಿಗೆ ಕೊರೆದು ಹಾಕುತ್ತದೆ. ಹಾಗಾಗಿ ತೂತಿನೊಳಗೆ ಉಕ್ಕಿನ ಜಾಳಿಗೆ ತುರುಕಿ ಮೇಲೆ ಸಿಮೆಂಟು ಹಾಕಿಸಿದೆವು. ಮೋರಿಗೆ ಕಬ್ಬಿಣದ ಜಾಳಿಗೆ, ಬಾಗಿಲಿನ ಅಡಿಗೆ ತಗಡಿನ ಪಟ್ಟಿ. ಜೋಳವನ್ನು ಬಿಸಿಲಿಗೆ ಹಾಕಿ, ಹಸನು ಮಾಡಿ, ಮುಚ್ಚಳವಿರುವ ತಗಡಿನ ಕಣಜಕ್ಕೆ ತುಂಬಿ, ಗೋಡೆಯಿಂದ ಒಂದು ಮೊಳ ಸರಿಸಿ ಕಲ್ಲಿನ ಮೇಲೆ ನಿಲ್ಲಿಸಿದೆವು. ಹಳೆಯ ಹಿಕ್ಕೆ ಬಿದ್ದ ಜಾಗವನ್ನು ಒಣಗಿದಂತೆ ಗುಡಿಸದೆ ಬ್ಲೀಚಿಂಗ್ ಪುಡಿಯ ನೀರು ಚಿಮುಕಿಸಿ, ಕೈಗೆ ಚೀಲ ಕಟ್ಟಿಕೊಂಡು ಒರೆಸಿದೆವು. ಇಲಿಯ ಮೂತ್ರದಿಂದ ಹರಡುವ ಇಲಿಜ್ವರದ ರೋಗಾಣು ಕೈಕಾಲಿನ ಸಣ್ಣ ಗಾಯದಿಂದಲೂ ಒಳಹೋಗಬಲ್ಲುದು. ಮಳೆಗಾಲದಲ್ಲಿ ಬರಿಗಾಲಿನಿಂದ ಕೆಸರು ತುಳಿಯುವ ನಮ್ಮ ಕಡೆಯವರು ಇದನ್ನು ಲಘುವಾಗಿ ತೆಗೆದುಕೊಳ್ಳಬಾರದು. ಎಲ್ಲ ಖರ್ಚೂ ಸೇರಿ ಆ ಎರಡು ಡಬ್ಬಿಗಳ ಬೆಲೆಯ ನಾಲ್ಕು ಪಟ್ಟಾಯಿತು, ಗೌಂಡಿಯವರ ಕೂಲಿಯೇ ಅದರಲ್ಲಿ ಹೆಚ್ಚಿನ ಪಾಲು.

ಆ ವರ್ಷದ ಶ್ರಾವಣದಲ್ಲಿ ಕಣಜದ ಬಾಯಿ ತೆರೆದಾಗ ಅವ್ವನವರು ಮುಷ್ಟಿ ತುಂಬ ಜೋಳ ತೆಗೆದು, ಮೂಸಿ ನೋಡಿ, ಬೆಳಕಿಗೆ ಹಿಡಿದು, ಮತ್ತೆ ಮೂಸಿ ನೋಡಿದರು. ಎರಡು ಚೀಲ ಮಠಕ್ಕೆ ಹೋದವು. ಅಂದು ದಾಸೋಹದ ರೊಟ್ಟಿ ತಟ್ಟುವವರ ಸಾಲಿನಲ್ಲಿ, ಬೇಡವೆಂದರೂ ಕೇಳದೆ, ಅವ್ವನವರೂ ಹೋಗಿ ಕುಳಿತರು. ಜಂತೆಯ ಮೇಲೆ ಈಗಲೂ ಒಮ್ಮೊಮ್ಮೆ ಸಪ್ಪಳವಾಗುತ್ತದೆ. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮೊದಲು, ಪೆನ್ಸಿಲ್ ಹಿಡಿದು ಮನೆ ಸುತ್ತುವುದನ್ನು ನಾವು ಬಿಟ್ಟಿಲ್ಲ.

ಅಡುಗೆಮನೆಯ ಡಬ್ಬಿಯನ್ನು ತೆಗೆದು ಅಟ್ಟಕ್ಕೆ ಹಾಕಿದೆವು. ನಡುಮನೆಯದನ್ನು ತೆಗೆಯಹೋದಾಗ ಅವ್ವನವರು ತಡೆದರು. ರಾತ್ರಿ ಬಚ್ಚಲಿಗೆ ಎದ್ದಾಗ ಅದರ ನೀಲಿ ಬೆಳಕು ದಾರಿ ತೋರಿಸುತ್ತದಂತೆ. ಅವರಿಗೂ ನಮಗೂ ಅದರ ಸದ್ದು ಕೇಳದು. ಮೊಮ್ಮಗಳು ರಜೆಗೆ ಬರುವ ದಿನ ಮಾತ್ರ ಬೆಳಿಗ್ಗೆ ಎದ್ದೊಡನೆ ಅವ್ವನವರೇ ನೆನಪಿನಿಂದ ಅದನ್ನು ಕಿತ್ತು, ತಮ್ಮ ಎಲೆಯಡಿಕೆಯ ಡಬ್ಬಿಯ ಪಕ್ಕದಲ್ಲಿ ಇರಿಸುತ್ತಾರೆ.